ಪೀಪಿ ಮೇಷ್ಟ್ರ ಸೋಪು

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಪಿಸುಗುಟ್ಟಿ ಮಾತಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಅದೂ ಒಂದು ಸೋಪಿನ ಬಿಲ್ಲೆಯ ವಿಷಯಕ್ಕೆ. ಉಳಿದಂತೆ ಅವರ ಗಂಟಲಿಗೆ ಸದ್ದು ಕಡಿಮೆ ಮಾಡುವ ತಿರುಪೇ ಇರಲಿಲ್ಲ. ಹಾಸನದ ರೈಲ್ವೆ ಸ್ಟೇಷನ್ನಿನ ಆ ತುದಿಯಲ್ಲಿ ನಿಂತು "ಮೇಡಂ, ಸೀಟೈತೆ ಬನ್ನಿ" ಎಂದು ಅವರು ಕೂಗಿದರೆ, ಈ ತುದಿಯಲ್ಲಿ ಟೀ ಕುಡಿಯುತ್ತಿದ್ದ ಯಾರು ಯಾರೋ ಹೆಂಗಸರು ಲೋಟ ಇಟ್ಟು ಎದ್ದುಬಿಡುತ್ತಿದ್ದರು.

ನಾನು ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವಳು. ಮನೆ ಹಾಸನದಲ್ಲಿ. ಅವರು ಹುಟ್ಟಿದ್ದು ಚನ್ನರಾಯಪಟ್ಟಣದ ಕಡೆಯ ಹಳ್ಳಿಯಲ್ಲಿ, ಮೊದಲು ಕೆಲಸಕ್ಕೆ ಸೇರಿದ್ದು ಅರಕಲಗೂಡಿನಲ್ಲಿ, ಆಮೇಲೆ ಹಾಸನದಲ್ಲಿ ಮನೆ ಕಟ್ಟಿಕೊಂಡು ನಮ್ಮ ಶಾಲೆಗೆ ವರ್ಗವಾಗಿ ಬಂದರು. ವರ್ಷಗಟ್ಟಲೆ ಒಂದೇ ಬೆಳಗಿನ ರೈಲಿನಲ್ಲಿ ಹೋದೆವು, ಒಂದೇ ಸಂಜೆಯ ರೈಲಿನಲ್ಲಿ ಬಂದೆವು. ಅವರು ನಿವೃತ್ತರಾಗಿ ಊರು ಸೇರಿದಾಗಲೇ ನಮ್ಮ ಬೋಗಿ ಅರ್ಧ ಸದ್ದು ಕಳೆದುಕೊಂಡಿತ್ತು. ಮೊನ್ನೆ ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ, ಕಿಟಕಿ ಪಕ್ಕ ಕೂತಾಗಲೆಲ್ಲ ಯಾರೋ ನನ್ನನ್ನು ಕೂಗಬೇಕಿತ್ತಲ್ಲ ಅನ್ನಿಸುತ್ತಿರುತ್ತದೆ.

ಆಳು ಎತ್ತರ, ಮೀಸೆ ದಪ್ಪ, ಕುತ್ತಿಗೆಯಲ್ಲಿ ಸದಾ ಒಂದು ಸ್ಟೀಲ್ ಪೀಪಿ. ಮಕ್ಕಳು ಬೆನ್ನ ಹಿಂದೆ ಪೀಪಿ ಮೇಷ್ಟ್ರು ಅನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಹೊಸಬರು ಮೊದಲ ಸಲ ನೋಡಿದರೆ ಹೆದರಿಕೊಳ್ಳಬೇಕು, ಹಾಗಿದ್ದರು. ಆದರೆ ಅವರು ಒಬ್ಬ ಹುಡುಗನ ಮೇಲೂ ಕೈ ಎತ್ತಿದ್ದನ್ನು ನಾನು ಕಾಣೆ. ತಡವಾಗಿ ಬಂದವರಿಗೆ ಮೈದಾನದ ಸುತ್ತ ಒಂದು ಸುತ್ತು ಓಟ, ಅದಷ್ಟೇ ಶಿಕ್ಷೆ. ಅದರಲ್ಲೂ ಪಕ್ಕದಲ್ಲಿ ಇವರೂ ಓಡುತ್ತಿದ್ದರು. ಆ ಮೈಯಲ್ಲಿ ಆ ಓಟ ನೋಡುವಂಥದ್ದು. "ನೀವ್ಯಾಕೆ ಸರ್ ಓಡ್ತೀರಿ?" ಎಂದು ಕೇಳಿದ್ದೆ. "ಒಬ್ನೇ ಓಡುದ್ರೆ ಶಿಕ್ಷೆ ಮೇಡಂ. ಜೊತೇಲಿ ಓಡುದ್ರೆ ಆಟ ಆಯ್ತದೆ," ಎಂದರು.

ಅವರ ಪ್ಯಾಂಟಿನ ಜೇಬಿನಲ್ಲಿ ಕೊಬ್ಬರಿ ಎಣ್ಣೆಯ ಒಂದು ಪುಟ್ಟ ಬಾಟ್ಲಿ ಇರುತ್ತಿತ್ತು. ಚಳಿಗಾಲದಲ್ಲಿ ಪ್ರಾರ್ಥನೆಯ ಸಾಲಿನ ನಡುವೆ ನಡೆಯುತ್ತಾ ಮಕ್ಕಳ ಮೊಣಕೈ, ಹಿಮ್ಮಡಿ ನೋಡುತ್ತಿದ್ದರು. "ಏನ್ಲಾ ಇದು, ಬೂದಿ ಬಳ್ಕಂಡ ಸನ್ಯಾಸಿ ಅಂಗಿದ್ದೀಯ? ಇಡಿ ಕೈ!" ಎಂದು ಗುಡುಗಿ ಅಂಗೈಗೆ ಎಣ್ಣೆ ಹಾಕುತ್ತಿದ್ದರು. ಹೊರಗಿನಿಂದ ಕೇಳಿದವರಿಗೆ ಯಾರನ್ನೋ ಬಡಿಯುತ್ತಿದ್ದಾರೆ ಎಂದೇ ಅನ್ನಿಸಬೇಕು.

ಇಂಥ ಮನುಷ್ಯ ತಮ್ಮ ಮನೆಯೊಳಗೆ ಒಬ್ಬರ ಜೊತೆ ಮಾತ್ರ ಮಾತಾಡುತ್ತಿರಲಿಲ್ಲ. ಅದು ಅವರ ಅತ್ತೆ, ಹೆಂಡತಿಯ ತಾಯಿ.

ಮೊದಲ ಸಲ ಅದನ್ನು ನಾನು ಕಣ್ಣಾರೆ ನೋಡಿದ್ದು ಒಂದು ಗೌರಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಅವರ ಮನೆಗೆ ಹೋದಾಗ. ಹಜಾರದಲ್ಲಿ ಆ ಗೋಡೆಗೆ ಅತ್ತೆ, ಈ ಗೋಡೆಗೆ ಅಳಿಯ, ನಡುವೆ ಕುರ್ಚಿಯಲ್ಲಿ ನಾನು. ಮನೆಯಾಕೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ್ದರು.

"ಲೇ ಮಗಾ," ಎಂದು ಅಜ್ಜಿ ಅಡುಗೆಮನೆ ಕಡೆ ತಿರುಗಿ ಹೇಳಿದರು, "ನಿಮ್ಮೆಜಮಾನ್ರಿಗೆ ಏಳು, ಫ್ಯಾನ್ ಗಾಳಿ ಜಾಸ್ತಿ ಆಯ್ತು."

ಮೇಷ್ಟ್ರೂ ಅಡುಗೆಮನೆಯತ್ತಲೇ ತಿರುಗಿದರು. "ನಿಮ್ಮವ್ವಾರ್ಗೆ ಏಳು, ಸ್ವಿಚ್ಚು ಅವ್ರ ಪಕ್ಕದಲ್ಲೇ ಐತೆ."

ಮಿಕ್ಸಿಯ ಸದ್ದಿನಲ್ಲಿ ಒಳಗಿದ್ದಾಕೆಗೆ ಒಂದು ಅಕ್ಷರವೂ ಕೇಳಿಸಿರಲಿಕ್ಕಿಲ್ಲ. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮೇಷ್ಟ್ರು ಎದ್ದು ಹೋಗಿ ಫ್ಯಾನ್ ಕಡಿಮೆ ಮಾಡಿ ಬಂದು ಕೂತರು.

ಇದಕ್ಕೆ ಕಾರಣ ಬಹಳ ಹಳೆಯದು. ಅಜ್ಜಿ ಕೊರವಂಗಲದವರು. ಮಗಳನ್ನು ತಮ್ಮ ತಮ್ಮನಿಗೇ ಕೊಡಬೇಕೆಂದು ಅವರ ಆಸೆ. ಅವರ ಯಜಮಾನರು ಸರ್ಕಾರಿ ಕೆಲಸದ ಹುಡುಗ ಎಂದು ಇವರಿಗೆ ಮಾತು ಕೊಟ್ಟುಬಿಟ್ಟರು. ಮದುವೆಯ ದಿನ ಚಪ್ಪರದ ಹಿಂದೆ ನಿಂತು ಅಜ್ಜಿ ಯಾರ ಹತ್ತಿರವೋ, "ಪೀಪಿ ಊದೋನ್ಗೆ ಎಣ್ಣು ಕೊಟ್ರಲ್ಲ," ಅಂದರಂತೆ. ಚಪ್ಪರಕ್ಕೆ ಕಟ್ಟಿದ ಬಟ್ಟೆಯ ಆಚೆ ಬದಿಯಲ್ಲಿ ಮದುಮಗ ಕೂತಿದ್ದ. ನೂರಾರು ಮಕ್ಕಳು ಪೀಪಿ ಮೇಷ್ಟ್ರು ಅಂದರೂ ನಕ್ಕವರು ಆ ಒಂದು ಮಾತಿಗೆ ಮಾತ್ರ ನಗಲಿಲ್ಲ. ಅಜ್ಜಿಯೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೂವತ್ತು ವರ್ಷ ಹಾಗೇ ಉರುಳಿತು.

ಹಾಗೆಂದು ದ್ವೇಷವೇನಲ್ಲ. ಮಾವನವರು ಹೋದ ಮೇಲೆ ಅತ್ತೆಯನ್ನು ಕರೆತರಲು ಲಗೇಜ್ ಆಟೊ ಮಾಡಿಕೊಂಡು ಕೊರವಂಗಲಕ್ಕೆ ಹೋದವರು ಮೇಷ್ಟ್ರೇ. ಬಾಗಿಲಲ್ಲಿ ನಿಂತು ಒಂದು ಗೋಡೆಯನ್ನು ನೋಡುತ್ತಾ "ಗಾಡಿ ಬಂದೈತೆ," ಅಂದರಂತೆ. ಅಜ್ಜಿ ಇನ್ನೊಂದು ಗೋಡೆಯನ್ನು ನೋಡುತ್ತಾ ಬಂದು ಹತ್ತಿದರಂತೆ.

ಹಾಸನಕ್ಕೆ ಬಂದ ಮೇಲೆ ಅಜ್ಜಿಯ ಚರ್ಮ ಕೆಟ್ಟಿತು. ಕೈ, ಮೊಣಕೈ, ಕಾಲಿನ ಮುಂಭಾಗವೆಲ್ಲ ಬಿರಿದು ಹೊಟ್ಟು ಹೊಟ್ಟಾಗಿ ಉದುರತೊಡಗಿತು. ತುರಿಕೆಗೆ ರಾತ್ರಿ ನಿದ್ದೆಯಿಲ್ಲ. ನೋಡಿದರೆ, ಆ ತಾಯಿ ಜೀವಮಾನವೆಲ್ಲ ಮೈಗೆ ಹಚ್ಚುತ್ತಿದ್ದದ್ದು ಬಟ್ಟೆ ಒಗೆಯುವ ನೀಲಿ ಸೋಪು! "ಬಟ್ಟೆ ಕೊಳೆ ಓಗ್ಸೋದು ಮೈ ಕೊಳೆ ಓಗ್ಸಾಕಿಲ್ವಾ?" ಎಂಬುದು ಅವರ ವಾದ. ವಯಸ್ಸಿನಲ್ಲಿ ತಡೆದುಕೊಂಡಿದ್ದ ಚರ್ಮ ಈಗ ಸೋತಿತ್ತು. ಚರ್ಮದ ಡಾಕ್ಟರು ನೋಡಿ, ಇದು ಇಸುಬು, ಅಂಟುವ ರೋಗವಲ್ಲ, ಮೊದಲು ಆ ಸೋಪು ಎಸೆಯಿರಿ ಎಂದು ಹೇಳಿ ಮುಲಾಮು ಬರೆದುಕೊಟ್ಟರು. ಅಂಗಡಿಯಿಂದ ತಂದ ಮೆದು ಸೋಪುಗಳ ಘಮಕ್ಕೇ ಅಜ್ಜಿಗೆ ಮೈ ತುರಿಸುತ್ತಿತ್ತು, ಅಥವಾ ತುರಿಸುತ್ತದೆ ಎಂದು ಅವರು ನಿಶ್ಚಯಿಸಿಕೊಂಡಿದ್ದರು. ಕಡಲೆಹಿಟ್ಟು ಹಚ್ಚಿದರೆ ಇನ್ನಷ್ಟು ಒಣಗುತ್ತಿತ್ತು. ಕೊನೆಗೆ ಬರೀ ನೀರು ಸುರಿದುಕೊಂಡು ಬರತೊಡಗಿದರು. ಮುಲಾಮನ್ನೂ ಮನಸ್ಸು ಬಂದರೆ ಹಚ್ಚಿದರು, ಇಲ್ಲದಿದ್ದರೆ ಇಲ್ಲ.

ಅಷ್ಟರಲ್ಲಿ ಮೇಷ್ಟ್ರ ಮಗಳು ಬಾಣಂತನಕ್ಕೆ ಬಂದಳು. ಹೆಣ್ಣು ಕೂಸು. ಮನೆ ತುಂಬ ಬೆಳ್ಳುಳ್ಳಿ, ಸಾಂಬ್ರಾಣಿ ವಾಸನೆ. ಆದರೆ ಅಜ್ಜಿ ಹಿತ್ತಲ ಬಾಗಿಲ ಪಕ್ಕ ಹೋಗಿ ಕೂತವರು ಅಲ್ಲಿಂದ ಏಳಲೇ ಇಲ್ಲ. ಕೈಗಳನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡು ದೂರದಿಂದಲೇ ನೋಡುತ್ತಿದ್ದರು. ಕೊರವಂಗಲದಲ್ಲಿ ಅವರ ಬೀದಿಯ ಕೂಸುಗಳನ್ನೆಲ್ಲ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದ್ದವರು ಅವರೇ ಅಂತೆ. ಈಗ ತಮ್ಮ ಮನೆಯ ಕೂಸಿಗೆ ಮೇಷ್ಟ್ರ ಹೆಂಡತಿ ನೀರು ಹಾಕುತ್ತಿದ್ದರೆ ಬಾಗಿಲಿನಿಂದ ಹೇಳಿಕೊಡುವುದಷ್ಟೇ. "ಕತ್ತು ಇಡ್ಕೋ. ನೀರು ಬಿಸಿ ಐತೆ. ಅಂಗಲ್ಲ, ಬೋರಲು ಆಕು."

"ಡಾಕ್ಟರೇ ಹೇಳಿದ್ದಾರಲ್ಲ ಅಜ್ಜಿ, ಇದು ಅಂಟೋದಿಲ್ಲ," ಎಂದು ಕೂಸು ನೋಡಲು ಹೋದಾಗ ನಾನೂ ಹೇಳಿ ನೋಡಿದೆ.

"ಅವ್ರು ಏಳ್ತಾರೆ ಕಣವ್ವಾ. ನಾಳೆ ಕೂಸಿನ ಮೈ ಇಂಗಾದ್ರೆ ಅವ್ರು ಬಂದು ಕೆರೀತಾರಾ?" ಎಂದು ಅಜ್ಜಿ ಸೆರಗನ್ನು ಇನ್ನಷ್ಟು ಬಿಗಿ ಮಾಡಿಕೊಂಡರು.

ಮೇಷ್ಟ್ರು ಆ ಹೊತ್ತು ಅಲ್ಲೇ ಪೇಪರ್ ಓದುತ್ತಿದ್ದರು. ಪೇಪರ್ ಕೆಳಗಿಳಿಯಲಿಲ್ಲ. ಮರುದಿನ ರೈಲಿನಲ್ಲಿ ಕೂತ ತಕ್ಷಣ ಬೋಗಿಗೆಲ್ಲ ಕೇಳುವಂತೆ, "ಮೇಡಂ, ಸೋಪು ಅಂದ್ರೆ ಏನು?" ಎಂದರು.

ಒಂಬತ್ತನೇ ತರಗತಿಗೆ ಹೇಳುವಂತೆ ಹೇಳಿದೆ. ಎಣ್ಣೆ, ಕಾಸ್ಟಿಕ್ ಸೋಡ, ನೀರು.

"ಕಾಸ್ಟಿಕ್ಕಾ? ಅದ ಚರಂಡಿ ಕಟ್ಕಂಡ್ರೆ ಆಕ್ತಾರಲ್ವಾ?"

"ಅದೇ. ಚರ್ಮ ಸುಟ್ಟುಬಿಡುತ್ತೆ. ಆದರೆ ಲೆಕ್ಕವಾಗಿ ಎಣ್ಣೆಗೆ ಸೇರಿಸಿ, ಅದು ಪೂರ್ತಿ ಮಾಗಿದ ಮೇಲೆ ಅಲ್ಲಿ ಕಾಸ್ಟಿಕ್ಕೂ ಇರಲ್ಲ, ಆ ಎಣ್ಣೆಯೂ ಇರಲ್ಲ. ಎರಡೂ ಬೇರೆಯದೇ ಆಗಿಬಿಟ್ಟಿರುತ್ತೆ."

"ಅಂದ್ರೆ ಇಬ್ರೂ ಸೋತು ಮ್ಯಾಚು ಗೆಲ್ತದೆ ಅನ್ನಿ," ಎಂದರು.

ಅಂಗಡಿಯಲ್ಲೇ ಘಮವಿಲ್ಲದ ಸೋಪು ಹುಡುಕಬಹುದಲ್ಲ ಎಂದೆ. "ಅಂಗಡೀದು ಅಂದ್ರೆ ಅವ್ರು ಮುಟ್ಟಾಕಿಲ್ಲ. ಮನೇದಾದ್ರೆ ಬೈಯಾಕಾದ್ರೂ ಮುಟ್ತಾರೆ," ಎಂದರು. ಅತ್ತೆಯನ್ನು ಅವರು ಚೆನ್ನಾಗಿ ಬಲ್ಲರು ಎಂದು ಅನ್ನಿಸಿತು.

ಎಚ್ಚರಿಕೆಗಳನ್ನೆಲ್ಲ ಹೇಳಿದೆ. ಕನ್ನಡಕ, ಕೈಗವಸು ಬೇಕೇ ಬೇಕು. ಬಯಲಲ್ಲೇ ಮಾಡಬೇಕು. ಕೂಸು, ಬಾಣಂತಿ ಹತ್ತಿರ ಸುಳಿಯಬಾರದು. ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್ಕಿಗೆ ನೀರು ಹಾಕಬಾರದು, ಸಿಡಿಯುತ್ತೆ. ಪಾತ್ರೆ ಸ್ಟೀಲಿನದೇ ಆಗಬೇಕು. ಮೇಷ್ಟ್ರು ಅದನ್ನು ಕವಾಯತು ಹೇಳುವಂತೆ ಗಟ್ಟಿಯಾಗಿ ಬಾಯಿಪಾಠ ಮಾಡಿದರು. ಎದುರು ಸೀಟಿನಲ್ಲಿದ್ದ ಬ್ಯಾಂಕಿನಾಕೆ ಚೀಲ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತರು.

ಆ ಭಾನುವಾರ ಫೋನು ಬಂತು. "ಮೇಡಂ! ಡಬರಿ ಬುಸುಗುಡ್ತಾ ಐತೆ!"

"ಯಾವ ಡಬರಿ?"

"ಅಲ್ಯೂಮಿನಿಯಂದು. ಸ್ಟೀಲ್ ಪಾತ್ರೆ ಎಲ್ಲ ಇವಳ ತವರಿನವಂತೆ, ಕೊಡಾಕಿಲ್ಲ ಅಂದ್ಲು."

ದೂರ ನಿಲ್ಲಿ, ಎಲ್ಲರನ್ನೂ ದೂರ ಕಳಿಸಿ, ಅದರ ಪಾಡಿಗೆ ಅದನ್ನು ಬಿಡಿ ಎಂದು ನಾನು ಕೂಗಿದೆ. ಅಲ್ಯೂಮಿನಿಯಂ ಮತ್ತು ಕಾಸ್ಟಿಕ್ಕಿನ ಜಗಳದಲ್ಲಿ ಅಲ್ಯೂಮಿನಿಯಂ ಯಾವತ್ತೂ ಗೆಲ್ಲುವುದಿಲ್ಲ. ಡಬರಿ ಕಪ್ಪು ನೊರೆ ಕಾರಿ, ಕುಣಿದು, ಕೊನೆಗೆ ತಳ ತೂತು ಮಾಡಿಕೊಂಡು ಸುಮ್ಮನಾಯಿತಂತೆ. ಹಿತ್ತಲ ಬಾಗಿಲಿನಿಂದ ಎಲ್ಲವನ್ನೂ ನೋಡಿದ ಅಜ್ಜಿ, "ಲೇ ಮಗಾ, ಪಾತ್ರೆ ತೂತು ಬೀಳಿಸೋವಂಥದ್ದ ನಾನು ಮೈಗೆ ಆಕ್ಕಬೇಕಾ ಅಂತ ಕೇಳು," ಅಂದರಂತೆ.

"ನೀವೇನಂದ್ರಿ?" ಎಂದು ಮರುದಿನ ಕೇಳಿದೆ.

"ಏನನ್ನಲಿ ಮೇಡಂ. ಪ್ರಶ್ನೆ ನ್ಯಾಯವಾಗೇ ಇತ್ತು."

ಎರಡನೇ ಸಲ ಅವರೇ ಒಂದು ಹೊಸ ಸ್ಟೀಲ್ ಪಾತ್ರೆ ತಂದರು. ತಿರುವುವುದಕ್ಕೆ ಬಡಗಿಯಿಂದ ಬೇರೆ ಮುದ್ದೆಕೋಲು ಮಾಡಿಸಿದರು. ಊರಿನಿಂದ ತಮ್ಮ ತೋಟದ ಕೊಬ್ಬರಿ ಎಣ್ಣೆ ತರಿಸಿದರು. ಕಾಸ್ಟಿಕ್ ಎಷ್ಟು ಎಂದು ನಾನು ಲೆಕ್ಕ ಹಾಕಿಕೊಟ್ಟೆ. ಆ ದಿನ ನಾನೇ ಹೋಗಿ ಪಕ್ಕದಲ್ಲಿ ನಿಂತೆ. ಶಾಲೆಯ ಪ್ರಯೋಗಶಾಲೆಯ ದೊಡ್ಡ ಕನ್ನಡಕ ಅವರ ಮೂಗಿನ ಮೇಲೆ ಸಣ್ಣದಾಗಿ ಕೂತಿತ್ತು. ಎಲ್ಲ ಸರಿಯಾಗಿಯೇ ಹೋಯಿತು. ಕೊನೆಯಲ್ಲಿ, ಮೈಗೆ ಒಳ್ಳೆಯದೆಂದು ಅವರು ಒಂದು ಚಮಚ ಅರಿಶಿನ ಉದುರಿಸಿದರು. ಪಾತ್ರೆಯಲ್ಲಿದ್ದದ್ದು ನೋಡನೋಡುತ್ತಾ ರಕ್ತದಂತೆ ಕೆಂಪಗಾಯಿತು.

ಮೇಷ್ಟ್ರು ಮುದ್ದೆಕೋಲು ಬಿಟ್ಟು ಹಿಂದೆ ಹಾರಿದರು. "ಇದೇನ್ ಮೇಡಂ, ಬಲಿ ಕೊಟ್ಟಂಗೈತಲ್ಲ!"

ಸಾರಿನ ಕಲೆಗೆ ಸೋಪು ತಿಕ್ಕಿದರೆ ಕೆಂಪಾಗುವುದಿಲ್ಲವೇ, ಇದೂ ಹಾಗೆಯೇ, ಮಾಗುತ್ತಾ ಬಂದಂತೆ ಬಣ್ಣ ಇಳಿಯುತ್ತದೆ ಎಂದು ಸಮಾಧಾನ ಹೇಳಿದೆ. ಇಟ್ಟಿಗೆ ಬಣ್ಣ ದಿನಗಳೆದಂತೆ ಕೇಸರಿಗೆ ಇಳಿದದ್ದೂ ನಿಜ. ಆದರೆ ಬರೀ ಕೊಬ್ಬರಿ ಎಣ್ಣೆಯ ಆ ಸೋಪು ಮೈಯನ್ನು ಕೀರ್ ಅನ್ನುವ ಹಾಗೆ ತೊಳೆಯುತ್ತಿತ್ತು. ಸ್ನಾನ ಮಾಡಿ ಬಂದ ಮೇಷ್ಟ್ರು, "ಇದು ಪೊಲೀಸ್ ಸೋಪು. ತಪ್ಪು ಒಪ್ಪಿಸ್ತದೆ. ಅವ್ರ್ಗೆ ಬ್ಯಾಡ," ಎಂದು ತಾವೇ ಬಳಸಿ ಮುಗಿಸಿದರು.

ಮೂರನೆಯದು ಬಂತು ನೋಡಿ. ಕೊಬ್ಬರಿ ಎಣ್ಣೆ ಕಡಿಮೆ ಮಾಡಿದೆವು. ಕಡಲೆಕಾಯಿ ಎಣ್ಣೆ, ಹರಳೆಣ್ಣೆ ಸೇರಿದವು. ಕೊನೆಯಲ್ಲಿ ಸ್ವಲ್ಪ ಎಣ್ಣೆ ಸೋಪಾಗದೆ ಹಾಗೇ ಉಳಿಯಲಿ, ಚರ್ಮಕ್ಕೆ ಹಿತ, ಎಂದು ನಾನು ಕಾಸ್ಟಿಕ್ಕನ್ನು ಒಂದಿಷ್ಟು ತಗ್ಗಿಸಿದೆ. ಮೇಷ್ಟ್ರ ಹೆಂಡತಿ ಒಂದು ಸೌಟು ಹಾಲಿನ ಕೆನೆ ತಂದು ಕೊಟ್ಟರು. ತೆಳು ಬಟ್ಟೆಯಲ್ಲಿ ಜಾಲಿಸಿದ ರಾಗಿ ಹಿಟ್ಟು ಒಂದು ಹಿಡಿ. ಅರಿಶಿನ ಇಲ್ಲ, ಘಮ ಇಲ್ಲ. ಮೇಷ್ಟ್ರು ಬೆವರು ಸುರಿಸುತ್ತಾ ತಿರುವಿದರು. ಅಂಬಲಿಯ ಹದಕ್ಕೆ ಬಂದಾಗ ಟಿಫನ್ ಡಬ್ಬಿಗಳ ಮುಚ್ಚಳಕ್ಕೆ ಹೊಯ್ದು, ಹಳೆ ಕಂಬಳಿ ಹೊದಿಸಿದೆವು. ಮರುದಿನ ಮುಚ್ಚಳದಿಂದ ಬಿಡಿಸಿ ಮೊರದ ಮೇಲೆ ಹರಡಿ ಅಟ್ಟದಲ್ಲಿಟ್ಟರು. ಆಮೇಲೆ ತಿಂಗಳ ಮೇಲೆ ಕಾಯುವುದು.

ಕಾಯುವುದು ಮೇಷ್ಟ್ರಿಗೆ ಒಗ್ಗಿದ ಕೆಲಸವಲ್ಲ. ದಿನಾ ಏಣಿ ಹತ್ತಿ ಒಂದೊಂದನ್ನೂ ಮಗುಚಿ ಹಾಕುತ್ತಿದ್ದರು. ನಾಲಿಗೆ ತುದಿಗೆ ತಾಗಿಸಿ ನೋಡುತ್ತಿದ್ದರು. "ಇವತ್ತು ಚುರ್ ಅನ್ಲಿಲ್ಲ ಮೇಡಂ," ಎಂದು ರೈಲಿನಲ್ಲಿ ವರದಿ ಬರುತ್ತಿತ್ತು. ಕಂದು ಬಣ್ಣ, ಡಿಸ್ಕಸ್ ಆಕಾರ. ನೋಡಲು ಏನೂ ಚೆಂದವಿರಲಿಲ್ಲ. ನಿನ್ನೆಯ ಮುದ್ದೆ ತಟ್ಟಿದಂತಿತ್ತು. ನೀರು ತಾಗಿಸಿದರೆ ಮಾತ್ರ ಕೆನೆಯಂಥ ನೊರೆ, ತೊಳೆದ ಮೇಲೆ ಕೈ ಕೈಯಂತೆಯೇ ಇರುತ್ತಿತ್ತು.

ಅತ್ತೆಗೆ ಕೊಡುವ ಮೊದಲು ತಮ್ಮ ಮೈಮೇಲೆ ಪರೀಕ್ಷೆ ಮಾಡಿದರು. ಎಡಗೈಗೆ ಇದು, ಬಲಗೈಗೆ ಅಂಗಡಿಯದು. ಹಾಸನದಿಂದ ಹೊಳೆನರಸೀಪುರದವರೆಗೆ ಪರಿಚಯದವರನ್ನೆಲ್ಲ ನಿಲ್ಲಿಸಿ ಎರಡೂ ಕೈ ಚಾಚುತ್ತಿದ್ದರು. "ಎಡಗೈ ಮುಟ್ಟಿ ನೋಡಿ. ಈಗ ಬಲಗೈ. ಏಳಿ, ಯಾವುದು?" ಟಿಕೆಟ್ ನೋಡಲು ಬಂದ ಅಧಿಕಾರಿ ಕೂಡ ಮುಟ್ಟಿ ನೋಡಿ, ಎಡಗೈ ಎಂದು ಹೇಳಿ ಹೋದರು.

ಮನೆಯಲ್ಲಿ ಹೆಂಡತಿಯ ಮೂಲಕ ಸುದ್ದಿ ಹೋಯಿತು. "ನಿಮ್ಮವ್ವಾರ್ಗೆ ಏಳು, ನನ್ ಕೈ ಇನ್ನೂ ಐತೆ ಅಂತ." ಎದುರು ಗೋಡೆಯಿಂದ ಉತ್ತರ ಬಂತು. "ಆನೆ ಚರ್ಮಕ್ಕೂ ನಂದುಕ್ಕೂ ಯತ್ವಾಸ ಇಲ್ವಾ ಅಂತ ಕೇಳು."

ಒಂದೆರಡು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ರೈಲು ಹತ್ತಿ ನನ್ನ ಎದುರು ಕೂತು, ಅತ್ತ ಇತ್ತ ನೋಡಿ, ಅತ್ತೆ ಪಕ್ಕದ ಸೀಟಿನಲ್ಲೇ ಇದ್ದಾರೇನೋ ಎಂಬಂತೆ ಮುಂದೆ ಬಾಗಿ ಪಿಸುಗುಟ್ಟಿದರು.

"ಮೇಡಂ, ಬಚ್ಚಲ ಕಿಟಕೀಲಿ ಒಂದು ಬಿಲ್ಲೆ ಇಟ್ಟಿದ್ದೆ. ಇವತ್ತು ಒದ್ದೆ ಆಗಿತ್ತು."

"ಅಜ್ಜಿನೇ ಬಳಸಿದ್ದಾ? ಕೇಳಿದ್ರಾ?"

"ಉಹೂಂ, ಕೇಳ್ಬುಟ್ರೆ ನಾಳೆಯಿಂದ ಒಣಗೋಯ್ತದೆ," ಎಂದರು. ಆ ಪಿಸುಮಾತಿನಲ್ಲಿ ಎಷ್ಟು ಖುಷಿ ತುಂಬಿತ್ತೆಂದರೆ, ನನಗೂ ಜೋರಾಗಿ ಮಾತಾಡಲು ಹೆದರಿಕೆಯಾಯಿತು.

ಆಮೇಲಿನ ದಿನಗಳಲ್ಲಿ ಬಿಲ್ಲೆ ದಿನಾ ಒದ್ದೆಯಾಯಿತು. ಸವೆಯಿತು. ಅದು ಮುಗಿದ ದಿನ ಮೇಷ್ಟ್ರು ಯಾರಿಗೂ ಹೇಳದೆ ಅದೇ ಜಾಗದಲ್ಲಿ ಇನ್ನೊಂದು ಇಟ್ಟರು. ಅಜ್ಜಿಯ ಕೈ ನಿಧಾನವಾಗಿ ತಿಳಿಯಾಗುತ್ತಾ ಬಂತು. ಸೋಪೊಂದೇ ಅದನ್ನು ಮಾಡಿತೆಂದು ನಾನು ಹೇಳುವುದಿಲ್ಲ. ನೀಲಿ ಸೋಪು ಬಿಟ್ಟದ್ದು ದೊಡ್ಡ ಕಾರಣ, ಡಾಕ್ಟರ ಮುಲಾಮು ಇನ್ನೊಂದು. ಮೈ ಒಂದಿಷ್ಟು ಹಿತವಾದ ಮೇಲೆ ಅಜ್ಜಿ ಆ ಮುಲಾಮನ್ನೂ ಹೊತ್ತು ಹೊತ್ತಿಗೆ ಹಚ್ಚತೊಡಗಿದ್ದರು. ಮೇಷ್ಟ್ರಿಗೂ ಇದನ್ನೇ ಹೇಳಿದೆ. "ಇರ್ಲಿ ಬಿಡಿ ಮೇಡಂ. ರಿಲೇ ಅಂದ್ಮೇಲೆ ನಾಕು ಜನ ಓಡ್ತಾರೆ," ಎಂದರು.

ಒಂದು ಸಂಜೆ ಮಗಳು ಸ್ನಾನಕ್ಕೆ ಹೋಗಿದ್ದಳು, ಹೆಂಡತಿ ಅಂಗಡಿಗೆ ಹೋಗಿದ್ದರು. ಕೂಸು ಎದ್ದು ಕಿರುಚತೊಡಗಿತು. ಮೇಷ್ಟ್ರು ಎತ್ತಿಕೊಂಡರು, ಹಜಾರದಲ್ಲಿ ಓಡಾಡಿದರು, ತಮಗೆ ಗೊತ್ತಿದ್ದ ಒಂದೇ ಲಾಲಿಯಾದ ಲೆಫ್ಟ್ ರೈಟ್ ಹೇಳಿ ನೋಡಿದರು. ಅಳು ಹೆಚ್ಚೇ ಆಯಿತು. ಅಡುಗೆಮನೆಯ ಕಡೆ ತಿರುಗಿ ಏನಾದರೂ ಹೇಳೋಣವೆಂದರೆ ಅಲ್ಲಿ ಯಾರೂ ಇಲ್ಲ. ಆಗ ಹಿತ್ತಲ ಬಾಗಿಲಿನಿಂದ ಅಜ್ಜಿ ಎದ್ದು ಬಂದರು. ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು, ಅಳಿಯನ ಮುಖವನ್ನೇ ನೋಡಿ ಹೇಳಿದರು.

"ಕೊಡಿ ಇಲ್ಲಿ."

ಮೇಷ್ಟ್ರು ಕೊಟ್ಟರು. ಅಜ್ಜಿ ಕೂಸನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ನೀವಿದರು. ಅದು ತೇಗಿ ಸುಮ್ಮನಾಯಿತು. ಅಜ್ಜಿ ಕೂಸಿನ ಬೆನ್ನ ಮೇಲಿದ್ದ ತಮ್ಮ ಕೈಯನ್ನೇ ಬಹಳ ಹೊತ್ತು ನೋಡುತ್ತಾ ನಿಂತಿದ್ದರಂತೆ.

ಇದನ್ನು ಮರುದಿನ ರೈಲಿನಲ್ಲಿ ಹೇಳಿದರು. ಹೇಳಿದರು ಎಂದರೆ, ಆ ಎರಡು ಮಾತನ್ನು ಅಜ್ಜಿಯ ದನಿಯಲ್ಲಿ, ತಮ್ಮ ದನಿಯಲ್ಲಿ, ಜೋರಾಗಿ, ಮೆಲ್ಲಗೆ, ಮತ್ತೆ ಮತ್ತೆ ಆಡಿ ತೋರಿಸಿದರು. ಹೊಳೆನರಸೀಪುರ ಬಂತು. ನಾನು ಇಳಿದು ತಿರುಗಿ ನೋಡಿದರೆ ಮೇಷ್ಟ್ರು ಒಳಗೇ ಇದ್ದಾರೆ, ಬ್ಯಾಂಕಿನಾಕೆಗೆ "ಕೊಡಿ ಇಲ್ಲಿ" ಹೇಳುತ್ತಿದ್ದಾರೆ. ಕೂಗಿದೆ. ಅಷ್ಟರಲ್ಲಿ ರೈಲು ಹೊರಟಿತು. ಕಿಟಕಿಯಲ್ಲಿ ಅವರ ಮೀಸೆ ನನ್ನ ಮುಂದೆಯೇ ಮೈಸೂರಿನ ಕಡೆಗೆ ಹೋಯಿತು.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಬಸ್ಸು ಹಿಡಿದು ಅವರು ಶಾಲೆಗೆ ಬರುವ ಹೊತ್ತಿಗೆ ಎರಡನೇ ಪೀರಿಯಡ್ ನಡೆಯುತ್ತಿತ್ತು. ಗೇಟಿನೊಳಗೆ ಬಂದವರು ಯಾರನ್ನೂ ನೋಡಲಿಲ್ಲ. ಬ್ಯಾಗನ್ನು ಧ್ವಜದ ಕಟ್ಟೆಯ ಮೇಲಿಟ್ಟು ಮೈದಾನದ ಸುತ್ತ ಓಡತೊಡಗಿದರು. ಕಿಟಕಿಗಳಲ್ಲೆಲ್ಲ ಮಕ್ಕಳ ತಲೆ. ನನ್ನ ಹತ್ತನೇ ತರಗತಿಯ ನಾಲ್ಕೈದು ಹುಡುಗರು, "ಮೇಡಂ, ಸರ್ ಒಬ್ರೇ ಓಡ್ತಾವ್ರೆ," ಎಂದು ನನ್ನ ಮುಖ ನೋಡಿದರು. ಹೋಗಿ ಎಂದೆ. ಇಡೀ ತರಗತಿ ಹೊರಗೆ ಹಾರಿತು. ಆ ದಿನ ಆಮ್ಲ ಪ್ರತ್ಯಾಮ್ಲ ಪಾಠ ಅರ್ಧಕ್ಕೇ ನಿಂತಿತು.

ಅಲ್ಲಿಂದ ಮುಂದೆ ಸೋಪು ಮಾಡುವುದು ಆ ಮನೆಯ ಭಾನುವಾರದ ಕೆಲಸವೇ ಆಯಿತು. ಅಜ್ಜಿ ಹಿತ್ತಲಿನಲ್ಲಿ ದೂರಕ್ಕೆ ಸ್ಟೂಲ್ ಹಾಕಿಕೊಂಡು ಕೂತು ಹದ ಹೇಳುತ್ತಿದ್ದರು.

"ಇನ್ನೂ ತೆಳ್ಳಗೈತೆ. ತಿರುವಿ."

"ತಿರುವ್ತಾ ಇಲ್ವಾ ಅತ್ತೆ?"

"ಅದೇನು ತಿರುವೋದಾ? ಕೋಲು ಇಡ್ಕಂಡು ನಿದ್ದೆ ಮಾಡ್ತಾವ್ರೆ."

ಈಗ ಅವರು ನೇರವಾಗಿ ಜಗಳವಾಡತೊಡಗಿದ್ದರು, ಅದೂ ಇಬ್ಬರಿಗೂ ದಣಿವಾಗುವ ತನಕ. ಮೇಷ್ಟ್ರ ಹೆಂಡತಿ ನನ್ನ ಹತ್ತಿರ ನಗುತ್ತಾ ದೂರಿದರು. "ಮೊದ್ಲೇ ವಾಸಿಯಾಗಿತ್ತು ಅಕ್ಕ. ಆಗ ಅರ್ಧ ಮಾತ ನಾನು ನುಂಗ್ಕತಿದ್ದೆ. ಈಗ ನೆರೆಮನೆಯೋರ್ಗೂ ಪೂರ್ತಿ ಕೇಳಿಸ್ತದೆ."

ಮಾಡಿದ ಸೋಪನ್ನು ಅವರು ಮಾರಲಿಲ್ಲ. ಕೇಳಿದವರಿಗೆಲ್ಲ ಕೊಟ್ಟರು. ಬ್ಯಾಂಕಿನಾಕೆ ಗುಲಾಬಿ ಘಮ ಸೇರಿಸಿಕೊಡಿ ಎಂದಾಗ, "ಘಮ ಬೇಕಾದ್ರೆ ಮಲ್ಲಿಗೆ ಮುಡ್ಕಳಿ," ಎಂದು ರಾಗಿ ಬಣ್ಣದ್ದನ್ನೇ ಕೊಟ್ಟರು. ಆಕೆಯೂ ಕೊನೆಯವರೆಗೆ ಅದನ್ನೇ ಬಳಸಿದರು. ಶಾಲೆಯ ಆಟದ ದಿನ ಗೆದ್ದವರಿಗೆ ಕಪ್ಪು, ಸೋತ ತಂಡಕ್ಕೆ ತಲಾ ಒಂದು ಸೋಪು. ಹೆಡ್‌ಮಾಸ್ಟರು ಇದು ಯಾವ ಕ್ರಮ ಎಂದು ಕೇಳಿದರೆ, "ಗೆದ್ದೋರು ಮೆರವಣಿಗೇಲಿ ಓಯ್ತಾರೆ ಸಾ. ಸೋತೋರು ಮೈ ತೊಳ್ಕಂಡಾದ್ರೂ ಮನೆಗೋಗ್ಲಿ," ಅಂದರು. ಕಬಡ್ಡಿ ಹುಡುಗರು ಸೋಪಿಗಾಗಿಯೇ ಸೋಲುತ್ತಿದ್ದಾರೆ ಎಂಬ ಅನುಮಾನ ನನಗಿತ್ತು.

ನಿವೃತ್ತಿಯ ದಿನ ಎಲ್ಲರೂ ಅವರಿಂದ ಭಾಷಣ ನಿರೀಕ್ಷಿಸಿದರು. ಅವರು ಮೈಕು ಪಕ್ಕಕ್ಕೆ ಸರಿಸಿ, ಅದು ಬೇಕಾಗಿಯೂ ಇರಲಿಲ್ಲ, "ಎಲ್ರೂ ಚೆನ್ನಾಗಿ ಓಡಿ," ಎಂದಷ್ಟೇ ಹೇಳಿ ಕೂತುಬಿಟ್ಟರು. ಆಮೇಲೆ ಹಾಸನದ ಮನೆಯನ್ನು ಮಗಳಿಗೆ ಬಿಟ್ಟು, ಹೆಂಡತಿ ಮತ್ತು ಅತ್ತೆಯನ್ನು ಕರೆದುಕೊಂಡು ಚನ್ನರಾಯಪಟ್ಟಣದ ಕಡೆಯ ಊರು ಸೇರಿದರು. ಅಲ್ಲಿ ತೋಟ ನೋಡಿಕೊಂಡು, ಊರಿನ ಹೆಂಗಸರಿಗೆ ಸೋಪು ಮಾಡುವುದನ್ನು ಕಲಿಸಿಕೊಂಡು ಇದ್ದಾರೆಂದು ಸುದ್ದಿ ಬರುತ್ತಿತ್ತು. ಕಾಸ್ಟಿಕ್ ಸುರಿಯುವ ಮೊದಲು ಪೀಪಿ ಊದುತ್ತಿದ್ದರಂತೆ, ಮಕ್ಕಳು ಮರಿ ದೂರ ಓಡಲಿ ಎಂದು.

ಮೊನ್ನೆ ಒಂದು ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೋದವರು ಮೋಟಾರ್ ಮನೆಯ ಕಟ್ಟೆಯ ಮೇಲೆ ಕೂತರಂತೆ. ಹಾಗೇ ಗೋಡೆಗೆ ಒರಗಿದರಂತೆ. ಅಷ್ಟು ದೊಡ್ಡ ಗಂಟಲಿನ ಮನುಷ್ಯ, ಪಕ್ಕದ ತೋಟದಲ್ಲಿ ಆಳುಗಳಿದ್ದರು, ಒಂದು ಸಲವೂ ಕೂಗಲಿಲ್ಲ.

ಹಾಸನದಿಂದ ಬಸ್ಸು ಹಿಡಿದು ನಾನು ತಲುಪುವ ಹೊತ್ತಿಗೆ ತೋಟದಲ್ಲಿ ಗುಂಡಿ ತೆಗೆದಿದ್ದರು. ಹಳೆಯ ಹುಡುಗರು ಎಲ್ಲೆಲ್ಲಿಂದಲೋ ಬಂದಿದ್ದರು. ಮೀಸೆ ಬಂದವರು, ಮಕ್ಕಳನ್ನು ಎತ್ತಿಕೊಂಡವರು. ಅರಕಲಗೂಡಿನ ಕಡೆಯವರೇ ಒಂದು ಗಾಡಿ ಇದ್ದರು. ಎಲ್ಲರೂ ಮಣ್ಣು ಹಾಕಿದೆವು. ತಿರುಗಿ ಮನೆಯ ಮುಂದೆ ಬಂದಾಗ, ಕೈಕಾಲು ಮುಖ ತೊಳೆಯಲು ಅಂಗಳದಲ್ಲಿ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿಸಿಟ್ಟಿದ್ದರು. ಪಕ್ಕದಲ್ಲಿ ಮಣೆಯ ಮೇಲೆ ಅಜ್ಜಿ ಕೂತಿದ್ದರು. ಮಡಿಲಲ್ಲಿ ಸೋಪಿನ ಚೂರುಗಳು. ಬಂದ ಒಬ್ಬೊಬ್ಬರ ಅಂಗೈಗೂ ಒಂದೊಂದು ಚೂರು ಇಡುತ್ತಿದ್ದರು. ಅಳುತ್ತಿರಲಿಲ್ಲ. ಕೆಲಸ ಮಾಡುತ್ತಿದ್ದರು.

ನನ್ನ ಸರದಿ ಬಂತು. ಸೋಪು ತಿಕ್ಕಿ ಮುಖ ತೊಳೆದೆ. ನೀರು ಹಾಕಿದಷ್ಟೂ ಕಣ್ಣೀರು ನಿಲ್ಲಲಿಲ್ಲ. ಸೆರಗಿನಿಂದ ಉಜ್ಜಿಕೊಳ್ಳುತ್ತಿದ್ದವಳನ್ನು ಅಜ್ಜಿ ತಲೆಯೆತ್ತಿ ನೋಡಿದರು.

"ಯಾಕವ್ವಾ?"

"ಏನಿಲ್ಲ ಅಜ್ಜಿ. ಸೋಪು ಕಣ್ಣಿಗೆ ಹೋಯ್ತು."

ಅಜ್ಜಿ ಇನ್ನೊಂದು ಚೂರು ತೆಗೆದು ನನ್ನ ಕೈಗಿಟ್ಟರು. "ಸುಳ್ಳು ಏಳ್ಬ್ಯಾಡ ಕಣವ್ವಾ. ನಮ್ಮ ಅಳಿಯಂದ್ರು ಮಾಡಿದ ಸೋಪು ಕಣ್ಣುರಿಸಾಕಿಲ್ಲ."

ಎಣ್ಣೆ ಎಷ್ಟೇ ಒಳ್ಳೆಯದಿರಲಿ, ಎಷ್ಟೇ ದಿನ ಮಾಗಿಸಲಿ, ಸೋಪು ಎಂದ ಮೇಲೆ ಕಣ್ಣಿಗೆ ಹೋದರೆ ಉರಿಯಲೇಬೇಕು. ವರ್ಷ ವರ್ಷವೂ ನಾನು ಮಕ್ಕಳಿಗೆ ಹೇಳಿಕೊಡುವ ವಿಜ್ಞಾನ ಅದು. ಅಂಗೈಯಲ್ಲಿ ನೊರೆ ಮಾಡಿಕೊಂಡೆ, ಅಜ್ಜಿ ನೋಡುತ್ತಿರುವಂತೆಯೇ ಇನ್ನೊಮ್ಮೆ ಮುಖಕ್ಕೆ ಹಚ್ಚಿಕೊಂಡು, ಎರಡೂ ಕಣ್ಣು ಬಿಟ್ಟುಕೊಂಡೇ ತೊಳೆದೆ.

"ಹೌದಜ್ಜಿ," ಎಂದೆ. "ಉರಿಯೋದಿಲ್ಲ."